ಗುಡ್ಡದ ಮೇಲಿನ ಭರತಿ

ಮತ್ತಿ ಮರದ ತೊಗಟೆಯ ಕಷಾಯದಲ್ಲಿ ಕುದಿಸಿ ಒಣಗಿಸಿದ ಹತ್ತಿಯ ಬಲೆಗೆ ಒಂದು ವಾಸನೆ ಇರುತ್ತದೆ. ಮೊದಲು ಹಳೆಯ ಚಹಾಪುಡಿಯ ಡಬ್ಬಿ ತೆರೆದ ಹಾಗೆ ಅನಿಸುತ್ತದೆ, ಆಮೇಲೆ ಒಗರು, ಎಲ್ಲಕ್ಕಿಂತ ಕೊನೆಗೆ ಉಪ್ಪು. ಹೋದ ವಾರ ಮಧ್ಯಾಹ್ನ ಆಯಿ, ನನ್ನ ತಾಯಿ, ಅಟ್ಟದಿಂದ ಒಂದು ಗೋಣಿಚೀಲ ಇಳಿಸಿ ಬಾಯಿ ಬಿಚ್ಚಿದಾಗ ಆ ವಾಸನೆ ಕೋಣೆಯ ತುಂಬ ಹರಡಿತು. ಮಗುವನ್ನು ಹೆಗಲಿಗೆ ಹಾಕಿಕೊಂಡು ಅತ್ತಿಂದಿತ್ತ ತಿರುಗುತ್ತಿದ್ದ ನಾನು ಹಾಗೇ ನಿಂತುಬಿಟ್ಟೆ. ನನ್ನ ಮಗಳಿಗೆ ಈಗ ನಾಲ್ಕು ತಿಂಗಳು. ಗಂಡನಿಗೆ ಕದ್ರಾದ ವಿದ್ಯುತ್ ಕೇಂದ್ರದಲ್ಲಿ ಪಾಳಿಯ ಕೆಲಸ. ಬಾಣಂತನಕ್ಕೆಂದು ಬಾಳೆಗುಳಿಯ ತವರಿಗೆ ಬಂದ ನಾನು ಇನ್ನೂ ವಾಪಸು ಹೋಗಿಲ್ಲ. ಈ ನಾಲ್ಕು ತಿಂಗಳಲ್ಲಿ ಒಂದು ತಾಸು ಸರಿಯಾಗಿ ನಿದ್ದೆ ಮಾಡಿದ ನೆನಪಿಲ್ಲ. ತಲೆ ಬಾಚಿಕೊಂಡೆನೋ ಇಲ್ಲವೋ ಎಂದು ಕೈಯಿಂದ ಮುಟ್ಟಿ ನೋಡಿಕೊಳ್ಳಬೇಕು, ಉಂಡೆನೋ ಇಲ್ಲವೋ ಎಂದು ತಟ್ಟೆ ನೋಡಿ ತಿಳಿದುಕೊಳ್ಳಬೇಕು, ಅಂಥ ಸ್ಥಿತಿ. ಆಯಿ ಚೀಲದೊಳಗಿನ ಬಲೆಯ ತೊಟ್ಟಿಲನ್ನು ಕೊಡವಿ, ಚಾವಣಿಯ ಕೊಕ್ಕೆಗೆ ಕಟ್ಟಿ, ಒಳಗೆ ತನ್ನ ಹಳೆಯ ಸೀರೆ ಹಾಸಿ, ಮಗುವನ್ನು ನನ್ನ ಹೆಗಲಿಂದ ಎತ್ತಿ ಅದರಲ್ಲಿ ಮಲಗಿಸಿದಳು. ಆಮೇಲೆ ಕಿಟಕಿಯ ಕಡೆ ಒಮ್ಮೆ ನೋಡಿದ ಹಾಗೆ ಮಾಡಿ, "ಭರತಿ ಸುರುವಾಯ್ತು. ಇನ್ನ ಹೆದ್ರಿಕೆ ಇಲ್ಲ. ನೀ ಮನಿಕ," ಎಂದಳು.

ಸಮುದ್ರದ ನೀರು ಏರುವುದಕ್ಕೆ ನಮ್ಮ ಕಡೆ ಭರತಿ ಎನ್ನುತ್ತಾರೆ, ಇಳಿಯುವುದಕ್ಕೆ ಸುಕ್ತಿ. ಬಾಳೆಗುಳಿಯ ಆ ಕಿಟಕಿಯಿಂದ ಸಮುದ್ರ ಕಾಣುವುದಿಲ್ಲ. ಕಾಣುವುದು ನಾಲ್ಕು ಪಥದ ಹೆದ್ದಾರಿ, ಹುಬ್ಬಳ್ಳಿಯ ಕಡೆ ತಿರುಗಲು ಕಾದು ನಿಂತ ಲಾರಿಗಳು, ಅವುಗಳ ಹಿಂದೆ ಒಂದು ಚಹಾದಂಗಡಿ. ಆ ಹೊತ್ತಿನಲ್ಲಿ ದೂರದ ದಂಡೆಯಲ್ಲಿ ನೀರು ಏರುತ್ತಿತ್ತೋ ಇಳಿಯುತ್ತಿತ್ತೋ ಎಂದು ನಾನು ಬೆರಳ ಗೆಣ್ಣು ಎಣಿಸಿ ಹೇಳಬಹುದಿತ್ತು, ನನಗೆ ಬರುತ್ತದೆ. ಎಣಿಸಲಿಲ್ಲ, ಸುಮ್ಮನೆ ಮಲಗಿದೆ. ಆಯಿಯ ಆ ಮಾತು ಮೂಲದಲ್ಲಿ ಅವಳದಲ್ಲ, ಅಜ್ಜನದು. ಅದು ಮೊದಲು ಹುಟ್ಟಿದ್ದು ಸಮುದ್ರದಿಂದ ಬಹಳ ದೂರ, ಒಂದು ಗುಡ್ಡದ ಮೇಲೆ. ಅಜ್ಜ ಹೋದ, ಅಪ್ಪನೂ ಹೋದ. ತಮ್ಮ ಆಗ ಐದು ತಿಂಗಳ ಕೂಸು, ಅವನಿಗೆ ಹೇಗೆ ನೆನಪಿರಬೇಕು. ಅದು ಗೊತ್ತಿರುವವರು ಈಗ ನಾನು ಮತ್ತು ಆಯಿ ಇಬ್ಬರೇ.

ನಮ್ಮ ಮನೆ ಹಟ್ಟಿಕೇರಿಯಿಂದ ಆಚೆ, ಸಮುದ್ರದ ಅಂಚಿನ ಒಂದು ಸಣ್ಣ ಕೇರಿಯಲ್ಲಿತ್ತು. ಎರಡು ಕೋಣೆ, ಒಂದು ಜಗುಲಿ, ಜಗುಲಿಯ ಮುಂದೆ ಮರಳು, ಮರಳಿನ ಕೊನೆಗೆ ಕರಿ ಬಂಡೆಗಳು. ಜಗುಲಿಯಲ್ಲಿ ದಿನವಿಡೀ ಕೂತಿರುತ್ತಿದ್ದವನು ಅಪ್ಪನ ಅಪ್ಪ, ನನ್ನ ಬೊಮ್ಮಯ್ಯಜ್ಜ. ವಯಸ್ಸಿನಲ್ಲಿ ರಂಪಣಿ ಬಲೆ ಎಳೆದವನು. ಊರಿಗೆ ಊರೇ ಸೇರಿ ದಂಡೆಯಿಂದ ಹಗ್ಗ ಹಿಡಿದು ಎಳೆಯುವ ಆ ದೊಡ್ಡ ಬಲೆಗಳ ಕಾಲ ಮುಗಿದ ಮೇಲೆ ಹರಿದ ಬಲೆ ಹೊಲಿಯುತ್ತ ಕೂತವನು. ಕೇರಿಯವರಿಗೆ ಅವನೇ ನೀರಿನ ಪಂಚಾಂಗ. ನೀರಿಳಿದಾಗ ಮರಳಲ್ಲಿ ಬೆಳಚಿನ ಚಿಪ್ಪು ಹೆಕ್ಕಲು ಹೋಗುವ ಹೆಂಗಸರು, ಹೊಳೆಯ ಬಾಯಿ ದಾಟಿ ಕೂಲಿಗೆ ಹೋಗುವವರು, ದೋಣಿ ತೆಗೆಯುವವರು, ಎಲ್ಲರೂ ಹಾದು ಹೋಗುವಾಗ ಕೇಳುತ್ತಿದ್ದರು, "ಬೊಮ್ಮಯ್ಯಣ್ಣ, ಭರತಿ ಯಾವಾಗ?" ಅಜ್ಜ ಸೂಜಿಯಿಂದ ಕಣ್ಣು ತೆಗೆಯದೆ ಹೇಳುತ್ತಿದ್ದ. ಅಂದಾಜು ಎನ್ನುವ ಶಬ್ದ ಅವನ ಬಾಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ. ನನಗೂ ಅವನೇ ಕಲಿಸಿದ: ಹುಣ್ಣಿಮೆಯಿಂದ ಹಿಡಿದು ದಿನಕ್ಕೊಂದು ಗೆಣ್ಣು, ಗೆಣ್ಣಿಗೆ ಎರಡು ಘಳಿಗೆ ತಡ, ಹೆಬ್ಬೆರಳು ಮುಟ್ಟಿಸುತ್ತ ಹೋಗುವುದು. ಒಮ್ಮೆ ನಾನು ಆಟಕ್ಕೆಂದು ಪಕ್ಕದ ಮನೆಯ ಹುಡುಗಿಗೆ ತಪ್ಪು ಹೊತ್ತು ಹೇಳಿದ್ದಕ್ಕೆ ನನ್ನನ್ನು ಎದುರಿಗೆ ಕೂರಿಸಿಕೊಂಡು, "ನೀರಿನ ಮಾತಲ್ಲಿ ಸುಳ್ಳ ಹೇಳೂಕಾಗ ಮಗಾ. ಅದ್ನ ನಂಬ್ಕಂಡು ಜನ ಹೊಳಿಗೆ ಇಳೀತ್ರು," ಎಂದಿದ್ದ. ಅವನು ಬೈದದ್ದು ಅಷ್ಟೇ, ಆದರೆ ಆ ದಿನ ನನಗೆ ಊಟ ಸೇರಲಿಲ್ಲ.

ನಮ್ಮ ಕೇರಿಯಲ್ಲಿ ಸುಕ್ತಿಯ ಹೊತ್ತಿಗೆ ಯಾರೂ ದೂರದ ಪಯಣಕ್ಕೆ ಹೊಸ್ತಿಲು ದಾಟುತ್ತಿರಲಿಲ್ಲ. ಮದುಮಗಳು ಹೊರಡುವುದು ಭರತಿಯಲ್ಲಿ, ಹೊಸ ದೋಣಿ ನೀರಿಗಿಳಿಯುವುದು ಭರತಿಯಲ್ಲಿ, ಹಸುಗೂಸು ಮೊದಲ ಸಲ ಊರು ಬಿಡುವುದಂತೂ ಭರತಿಯಲ್ಲೇ. ನೀರು ಹೊರಗೆ ಹೋಗುವಾಗ ಜೀವವೂ ಅದರ ಬೆನ್ನಿಗೇ ಹೋಗುತ್ತದೆ, ನೀರು ಒಳಗೆ ಬರುವಾಗ ಯಾರಿಗೂ ಏನೂ ಆಗುವುದಿಲ್ಲ, ಇದು ನಂಬಿಕೆ. ಈಗ ಕೇಳಿದರೆ ನಗು ಬರಬಹುದು, ನನಗೆ ಬರುವುದಿಲ್ಲ. ನನಗೂ ತಮ್ಮನಿಗೂ ನಡುವೆ ಒಂದು ಹೆಣ್ಣುಮಗು ಇತ್ತು, ಮೂರು ತಿಂಗಳು ಬದುಕಿತ್ತು. ಒಂದು ಬೆಳಿಗ್ಗೆ ಹಾಲು ಕುಡಿಸಿ ಪಕ್ಕದಲ್ಲಿ ಮಲಗಿಸಿಕೊಂಡ ಆಯಿಗೆ ಕಣ್ಣು ಹತ್ತಿತು. ಅವಳು ಎದ್ದಳು, ಮಗು ಏಳಲಿಲ್ಲ. ಹೊರಗೆ ನೀರು ಬಂಡೆಗಳನ್ನು ಬಿಟ್ಟು ಬಹಳ ಕೆಳಗೆ ಹೋಗಿತ್ತು. ಬಂದ ಹೆಂಗಸರೆಲ್ಲ ತಪ್ಪು ಯಾರದೂ ಅಲ್ಲ ಎಂದು ಹೇಳಿದರು, ಹೇಳಿದ ಮೇಲೆ ಸುಕ್ತಿಯ ಮಾತನ್ನೂ ಸೇರಿಸಿದರು. ಆಯಿ ಎರಡನೆಯದನ್ನು ಮಾತ್ರ ಕೇಳಿಸಿಕೊಂಡಳು.

ಹಾಗಾಗಿ ತಮ್ಮ ಹುಟ್ಟಿದ ದಿನದಿಂದ ಆಯಿ ಸುಕ್ತಿಯ ಹೊತ್ತಿನಲ್ಲಿ ಕಣ್ಣು ಮುಚ್ಚಲಿಲ್ಲ. ನೀರು ಇಳಿಯುವಷ್ಟು ಕಾಲವೂ ಅಂಗೈಯನ್ನು ಕೂಸಿನ ಹೊಟ್ಟೆಯ ಮೇಲಿಟ್ಟು, ಅದು ಏರುವುದನ್ನೂ ಇಳಿಯುವುದನ್ನೂ ನೋಡುತ್ತ ಕೂರುತ್ತಿದ್ದಳು. ಬಾಗಿಲ ಮರೆಯಿಂದ, "ಮಾವ, ಈಗೆಂತು?" ಎಂದು ಕೇಳುವಳು. ಅಜ್ಜ ಜಗುಲಿಯಿಂದ, "ಭರತಿ," ಎಂದರೆ ಮಾತ್ರ ಒರಗುವಳು. ಆದರೆ ಭರತಿ ಬರುವುದು ಒಮ್ಮೊಮ್ಮೆ ಅಡುಗೆಯ ಹೊತ್ತಿಗೆ, ಒಮ್ಮೊಮ್ಮೆ ಕೂಸು ಎಚ್ಚರವಿದ್ದು ರಚ್ಚೆ ಹಿಡಿದ ಹೊತ್ತಿಗೆ. ಐದು ತಿಂಗಳಾಗುವಷ್ಟರಲ್ಲಿ ಆಯಿ ನಡೆದಾಡುವ ನೆರಳಾಗಿದ್ದಳು. ಒಲೆಯ ಮೇಲೆ ನೀರಿಟ್ಟು ಅಕ್ಕಿ ಹಾಕುವುದನ್ನು ಮರೆಯುವಳು, ನನ್ನ ಜಡೆ ಅರ್ಧ ಹೆಣೆದು ಹಾಗೇ ಕೈಬಿಟ್ಟು ಗೋಡೆ ನೋಡುವಳು. ನನಗಾಗ ಒಂಬತ್ತು ವರ್ಷ, ಸಿಟ್ಟು ಬರುತ್ತಿತ್ತು; ಅರ್ಧ ಜಡೆಯಲ್ಲೇ ಶಾಲೆಗೆ ಹೋಗುತ್ತಿದ್ದೆ. ಕೊನೆಗೆ ಒಂದು ದಿನ ಆಯಿ ಕೂಸನ್ನು ಎತ್ತಿಕೊಂಡು ಬಾವಿಕಟ್ಟೆಯ ಹತ್ತಿರ ನಿಂತಲ್ಲೇ ತೂಕಡಿಸಿ ವಾಲಿದಳು. ಅಜ್ಜ ಬಲೆ ಎಸೆದು ಓಡಿ ಇಬ್ಬರನ್ನೂ ಹಿಡಿದ. ಅಂಕೋಲೆಯ ಡಾಕ್ಟರು ಅಪ್ಪನಿಗೆ, ಈಕೆಗೆ ಔಷಧಕ್ಕಿಂತ ಮೊದಲು ನಿದ್ದೆ ಬೇಕು, ಹೀಗೇ ಬಿಟ್ಟರೆ ತಾಯಿಯೂ ಉಳಿಯುವುದಿಲ್ಲ ಕೂಸೂ ಉಳಿಯುವುದಿಲ್ಲ, ನಾಲ್ಕು ದಿನ ಆ ಮನೆಯಿಂದ ಹೊರಗೆ ಕರೆದುಕೊಂಡು ಹೋಗು ಎಂದರು.

ಅಪ್ಪ ರೈಲ್ವೆಯಲ್ಲಿ ಕೀಮನ್ ಆಗಿದ್ದ. ಹೆಗಲ ಮೇಲೆ ಸುತ್ತಿಗೆ ಹೊತ್ತು ದಿನಾ ತನ್ನ ಪಾಲಿನ ಹಳಿಯುದ್ದಕ್ಕೂ ನಡೆದು, ಸಡಿಲಾದ ಕೀಲುಗಳನ್ನು ಬಡಿದು ಕೂರಿಸುವುದು ಅವನ ಕೆಲಸ. ಅವನ ಯೋಚನೆ ಬಹಳ ಸರಳವಾಗಿತ್ತು. "ಸಮುದ್ರನೇ ಇಲ್ದಲ್ಲಿಗೆ ಹೋಗ್ವ. ಅಲ್ಲಿ ಎಂತಾ ಸುಕ್ತಿ?" ಎಂದ. ಕ್ಯಾಸಲ್‌ರಾಕ್‌ನಲ್ಲಿ, ಘಟ್ಟದ ತುದಿಯ ಆ ನಿಲ್ದಾಣದಲ್ಲಿ, ಅವನ ಗೆಳೆಯನೊಬ್ಬ ರಜೆಯ ಮೇಲೆ ಊರಿಗೆ ಹೋಗುವವನಿದ್ದ. ಅವನ ಮನೆಯ ಬೀಗದಕೈ ಸಿಕ್ಕಿತು. ರೈಲಿನ ಪಾಸು ಹೇಗೂ ವರ್ಷವೂ ಹಾಳಾಗುತ್ತಿತ್ತು. ನಮ್ಮ ಮನೆಯಲ್ಲಿ ಯಾರೂ ಅದುವರೆಗೆ ಪ್ರವಾಸ ಎಂದು ಎಲ್ಲಿಗೂ ಹೋದವರಲ್ಲ. ಆಯಿಯೊಬ್ಬಳ ಕೈಯಲ್ಲಿ ಕೂಸು ಸಂಭಾಳಿಸಲಾಗದು ಎಂದು ಅಜ್ಜನೂ ಹೊರಟ. ಹೊರಡುವ ಮುಂಚಿನ ವಾರವಿಡೀ ಕೂತು, ಅಟ್ಟದಲ್ಲಿದ್ದ ಹಳೆಯ ರಂಪಣಿಯ ತುಂಡಿನಿಂದ ತೊಟ್ಟಿಲು ಹೆಣೆದ. ಕೂಸಿನ ಬೆರಳು ಸಿಕ್ಕಬಾರದೆಂದು ಕಣ್ಣುಗಳನ್ನು ಸಣ್ಣ ಮಾಡಿ, ಎರಡು ತುದಿಗೂ ಬಳೆಯಂಥ ಹಗ್ಗದ ಸುತ್ತು ಹಾಕಿ, ಮತ್ತಿ ಕಷಾಯದಲ್ಲಿ ಕುದಿಸಿ, ಬಂಡೆಯ ಮೇಲೆ ಒಣಗಿಸಿದ. ಈಗ ನನ್ನ ಮಗಳು ಮಲಗಿರುವುದು ಅದರಲ್ಲೇ.

ಹೊರಡುವ ದಿನ ಹುಣ್ಣಿಮೆ ಕಳೆದು ನಾಲ್ಕನೆಯ ಬೆಳಿಗ್ಗೆ. ರಿಕ್ಷಾ ಬಂದು ನಿಂತಿತ್ತು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿ ಎರಡೂ ಕೈಯಲ್ಲಿ ಚೀಲ ಹಿಡಿದು ಅಂಗಳದಲ್ಲಿ. ಆಯಿ ಕೂಸನ್ನು ಎತ್ತಿಕೊಂಡು ಹೊಸ್ತಿಲ ಒಳಗೆ. ಅಜ್ಜ ಹೊಸ್ತಿಲ ಮೇಲೆ ಕೂತು ಬಂಡೆಗಳ ಬುಡವನ್ನೇ ನೋಡುತ್ತಿದ್ದ. "ಇನ್ನೂ ಇಳೀತಾ ಅದೆ," ಎಂದ. ರೈಲುಗಳ ಹೊತ್ತು ಅಪ್ಪನಿಗೆ ಬಾಯಿಪಾಠ, ನೀರಿನ ಹೊತ್ತು ಅಜ್ಜನಿಗೆ. ಅಪ್ಪ, "ರೈಲು ನಿಮ್ಮ ಭರತಿ ಕಾಯೂದಿಲ್ಲ ಅಪ್ಪಾ," ಎಂದ. ಅಜ್ಜ, "ಹೋಗ್ಲಿ. ಮತ್ತೊಂದು ಬತ್ತದೆ," ಎಂದ. ಅಪ್ಪ ಆಯಿಯ ಮುಖ ನೋಡಿದ. ಅವಳು ತಲೆ ತಗ್ಗಿಸಿದಳು, ಕಾಲು ಮಾತ್ರ ಎತ್ತಲಿಲ್ಲ. ರಿಕ್ಷಾದವನು ಬೀಡಿ ಹಚ್ಚಿದ. ಸ್ವಲ್ಪ ಹೊತ್ತಿಗೆ ದೂರದಲ್ಲಿ ರೈಲಿನ ಕೂಗು ಕೇಳಿಸಿತು. ಅಪ್ಪ ಚೀಲಗಳನ್ನು ಮೆಲ್ಲನೆ ಕೆಳಗಿಟ್ಟು, ದಿನಾ ಹಳಿಯ ಪಕ್ಕಕ್ಕೆ ಸರಿದು ನಿಲ್ಲುವವನ ಹಾಗೆ ಅದು ಹೋಗುವ ತನಕ ಸುಮ್ಮನೆ ನಿಂತ. ಬಿಸಿಲೇರಿದ ಮೇಲೆ ಬಂಡೆಯ ಬುಡದ ನೀರಲ್ಲಿ ತೇಲುತ್ತಿದ್ದ ಒಂದು ಹುಲ್ಲುಕಡ್ಡಿ ಒಳಮುಖವಾಗಿ ಕದಲಿತು. ಆಗ ಅಜ್ಜ ಎದ್ದು ಪಂಚೆ ಕೊಡವಿ, "ಹೊರಡಿ," ಎಂದ. ನಾವು ನಿಲ್ದಾಣದಲ್ಲಿ ಮುಂದಿನ ರೈಲಿಗೆ ಕಾದೆವು.

ರೈಲಿನಲ್ಲಿ ಅಜ್ಜ ಮೇಲಿನ ಎರಡು ಬರ್ತುಗಳ ಸರಪಳಿಗೆ ತೊಟ್ಟಿಲು ಕಟ್ಟಿದ. ರೈಲು ಹೊರಟಿದ್ದೇ ತೊಟ್ಟಿಲು ತಾನಾಗಿ ತೂಗತೊಡಗಿತು, ಕೂಸು ಗಪ್ಪನೆ ಮಲಗಿತು. ಅಜ್ಜನ ಮುಖದಲ್ಲಿ ಅಂಥ ಗೆಲುವು ನಾನು ಮತ್ತೆ ನೋಡಲಿಲ್ಲ. ಆದರೆ ನಮ್ಮದು ಒಂಟಿ ಹಳಿ. ಎದುರಿನ ಗಾಡಿಗೆ ದಾರಿ ಕೊಡಲು ರೈಲು ಅಲ್ಲಲ್ಲಿ ನಿಲ್ಲಬೇಕು. ನಿಂತಿದ್ದೇ ಕೂಸು ಕಿಟಾರನೆ ಕಿರುಚುವುದು, ಹೊರಟರೆ ಮಲಗುವುದು. ಅಪ್ಪ ಬಾಗಿಲ ಬಳಿ ನಿಂತು ತನ್ನ ಪಾಲಿನ ಹಳಿ ಬರುವುದನ್ನೇ ಕಾದ. "ಬಂತು, ಇಲ್ಲಿಂದ ನಂದು," ಎಂದು ನನ್ನನ್ನು ಕರೆದ. ಹಳಿಗೆಂದು ಗುಡ್ಡ ಕಡಿದ ಒಂದು ಓಣಿ, ಒಂದು ಮೋರಿ, ಒಂದು ಗೇರುಗುಡ್ಡ, ಮುಗಿಯಿತು. "ಇಷ್ಟೇನಾ?" ಎಂದೆ. ಅಪ್ಪನೂ ಸ್ವಲ್ಪ ಸಪ್ಪಗಾಗಿ, "ನಡ್ದ್ರೆ ಅರ್ಧ ದಿನ ಹಿಡೀತದೆ," ಎಂದ. ಕಾರವಾರದ ಸುರಂಗ ಕಳೆದು ಕಾಳಿಯ ಸೇತುವೆಯ ಮೇಲೆ ಬಂದಾಗ ಅಜ್ಜ ಎದ್ದು ಕಿಟಕಿಗೆ ಮುಖ ಹಚ್ಚಿದ. ಹೊಳೆಯ ಬಾಯಲ್ಲಿ ನೀರು ಒಳಗೆ ನುಗ್ಗುತ್ತಿತ್ತು. "ಭರತಿ," ಎಂದು ಆಯಿಗೆ ಕೇಳುವಷ್ಟು ಜೋರಾಗಿ ಹೇಳಿದ. ಅವಳು ಕಿಟಕಿಗೆ ತಲೆ ಕೊಟ್ಟು ಸ್ವಲ್ಪ ಹೊತ್ತು ಕಣ್ಣು ಮುಚ್ಚಿದಳು.

ಮಡಗಾಂವದಲ್ಲಿ ನಾವು ಹತ್ತಬೇಕಾಗಿದ್ದ ಗಾಡಿ ಯಾವಾಗಲೋ ಹೋಗಿತ್ತು. ಎರಡು ತಾಸು ಪ್ಲಾಟ್‌ಫಾರ್ಮಿನಲ್ಲಿ ಕೂತೆವು. ಅಪ್ಪ ಗೋಡೆಯ ಗಡಿಯಾರವನ್ನು ಅಜ್ಜನಿಗೆ ಕಾಣುವ ಹಾಗೆ ಮತ್ತೆ ಮತ್ತೆ ನೋಡಿದ. ನಮ್ಮ ಚೀಲದಲ್ಲಿ ನಾಲ್ಕು ದಿನಕ್ಕಾಗುವಷ್ಟು ಒಣ ಸಿಗಡಿ ಇತ್ತು, ಗುಡ್ಡದಲ್ಲಿ ಮೀನು ಸಿಗುವುದಿಲ್ಲವೆಂದು. ಬೆಂಚಿನಲ್ಲಿದ್ದ ಹೆಂಗಸೊಬ್ಬಳು ಮೂಗಿಗೆ ಸೆರಗು ಹಿಡಿದು ಎದ್ದು ಹೋದಳು, ನಿಲ್ದಾಣದ ನಾಯಿಗಳು ಬಂದು ಆ ಜಾಗದಲ್ಲಿ ಕೂತವು. ಕುಳೆ ನಿಲ್ದಾಣ ದಾಟಿದ ಮೇಲೆ ಘಟ್ಟ. ರೈಲಿಗೆ ಹಿಂದಿನಿಂದಲೂ ಇಂಜಿನು ಹಚ್ಚಿದರು. ಅದು ದಮ್ಮು ಬಿಡುತ್ತ ಏರಿತು, ಸುರಂಗದ ಮೇಲೆ ಸುರಂಗ, ಕಿವಿ ಗುಂಯ್ ಎನ್ನುವ ಕತ್ತಲೆ, ಮತ್ತೆ ಹಸಿರು. ದೂಧಸಾಗರದ ಎದುರು ಎಲ್ಲರೂ ಕಿಟಕಿಗೆ ಮುಗಿಬಿದ್ದರು. ನಾನು ಮಾತ್ರ ಅಜ್ಜನನ್ನು ನೋಡುತ್ತಿದ್ದೆ. ಅವನು ಬೀಳುವ ನೀರನ್ನು ನೋಡಿ, "ಈ ನೀರು ಇಳೀತದೆ ಅಷ್ಟೇ, ವಾಪಸ್ ಹತ್ತೂದಿಲ್ಲ," ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಸೂರ್ಯ ಮುಳುಗುವ ಹೊತ್ತಿಗೆ ಕ್ಯಾಸಲ್‌ರಾಕ್ ಮುಟ್ಟಿದೆವು. ಮಂಜು ಮೈಗೆ ತಾಗುತ್ತಿತ್ತು. ಉಣ್ಣೆಯ ಬಟ್ಟೆ ಎಂಬುದು ನಮ್ಮ ಮನೆಯಲ್ಲಿ ಯಾರ ಹತ್ತಿರವೂ ಇರಲಿಲ್ಲ. ಇದ್ದ ಲುಂಗಿ ಸೀರೆಗಳನ್ನೆಲ್ಲ ಹೊದ್ದು ಅಪ್ಪನ ಗೆಳೆಯನ ಮನೆಯ ಬಾಗಿಲು ತೆಗೆದೆವು.

ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತಿದ್ದಾಗ ಆಯಿ ಮೆಟ್ಟಿಲ ಮೇಲೆ ಕೂತಿದ್ದಳು, ಅಂಗೈ ಕೂಸಿನ ಹೊಟ್ಟೆಯ ಮೇಲೆ. ಕಣ್ಣುಗಳು ಕೆಂಪಗೆ ಊದಿದ್ದವು. ಎದುರಿಗೆ ಕಾಡು, ಅದರ ಮೇಲೆ ಬಿಳಿ ಮಂಜು, ಎಲ್ಲೂ ಒಂದು ಹನಿ ಸಮುದ್ರವಿಲ್ಲ. ಅಪ್ಪನ ಉಪಾಯ ಫಲಿಸಿರಲಿಲ್ಲ. ಅವಳು ಅಲ್ಲಿ ಕೂತೂ ಕೇಳಿದಳು, "ಮಾವ, ಈಗೆಂತು?" ಅಜ್ಜನ ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಸರಿಯಿತು. ನಾನೂ ಬೆನ್ನ ಹಿಂದೆ ಕೈ ಇಟ್ಟು ಎಣಿಸಿದೆ. ಸುಕ್ತಿ. ನೀರು ತಿರುಗಲು ಇನ್ನೂ ಬಹಳ ಹೊತ್ತಿತ್ತು. ಅಜ್ಜ ಲೋಟ ಕೆಳಗಿಟ್ಟು, "ಭರತಿ. ಸುರುವಾಗಿ ಸುಮಾರು ಹೊತ್ತಾತು. ಕೂಸ್ನ ಇಲ್ಲಿ ಕೊಡು, ನೀ ಮನಿಕ," ಎಂದ. ಆಯಿ ಅವನನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎದ್ದು ಕೂಸನ್ನು ಅವನ ತೊಡೆಯ ಮೇಲಿಟ್ಟು ಒಳಗೆ ಹೋದಳು. ಮಧ್ಯಾಹ್ನದ ತನಕ ಅವಳು ಮಗ್ಗುಲು ಬದಲಿಸಿದ ಸದ್ದೂ ಕೇಳಲಿಲ್ಲ. ಎದ್ದು ಹಾಲು ಕುಡಿಸಿ, ಉಂಡು, ಮತ್ತೆ ಕೇಳಿದಳು. ಮತ್ತೆ ಭರತಿ. ಆ ಗುಡ್ಡದ ಮೇಲೆ ಮೂರು ದಿನ ನೀರು ಏರಿದ್ದೇ ಏರಿದ್ದು, ಒಮ್ಮೆಯೂ ಇಳಿಯಲಿಲ್ಲ.

ನಾವು ಪ್ರವಾಸ ಹೋದದ್ದು ಹೌದು, ನೋಡಿದ್ದು ಏನೂ ಇಲ್ಲ. ನೆಲ ಅಲುಗುವುದಿಲ್ಲವೆಂದು ಕೂಸಿಗೆ ಸಿಟ್ಟು. ತೊಟ್ಟಿಲನ್ನು ಮಾಡಿನ ತೊಲೆಗೆ ಕಟ್ಟಿ ಯಾರಾದರೂ ತೂಗುತ್ತಲೇ ಇರಬೇಕು, ರೈಲಿನ ವೇಗದಲ್ಲಿ, ಕೈ ನಿಲ್ಲಿಸಿದರೆ ಕಿರುಚಾಟ. ಅಪ್ಪ ಅಡುಗೆ ಮಾಡಿದ, ಬಟ್ಟೆ ಒಗೆದ, ಒಣಗದ ಬಟ್ಟೆಗಳನ್ನು ಒಲೆಗೆ ಹಿಡಿದ. ನನ್ನ ತೋಳು ಸೋತು ಹೋಗುತ್ತಿತ್ತು. ಇದೆಂಥ ರಜೆ ಎಂದು ನನಗೆ ಅಳು ಬರುತ್ತಿತ್ತು. ಇಳಿಜಾರಿನಲ್ಲಿ ಹಣ್ಣು ಬಿಟ್ಟ ಗಿಡಗಳಿದ್ದವು, ಅಲ್ಲಿಗೂ ಯಾರೂ ಕರೆದುಕೊಂಡು ಹೋಗಲಿಲ್ಲ. ಎರಡನೆಯ ದಿನ ಸಿಟ್ಟಿನಲ್ಲೇ ಅಜ್ಜನ ಹತ್ತಿರ ಹೋಗಿ, "ನೀ ಸುಳ್ಳ ಹೇಳ್ದೆ. ಈಗ ಸುಕ್ತಿ. ನಾ ಎಣಿಸ್ದೆ," ಎಂದೆ. ಅಜ್ಜ ತೊಟ್ಟಿಲ ಹಗ್ಗ ಎಳೆಯುವುದನ್ನು ನಿಲ್ಲಿಸಲಿಲ್ಲ. "ಹೌದು," ಎಂದ. "ನೀರಿನ ಮಾತಲ್ಲಿ ಸುಳ್ಳ ಹೇಳೂಕಾಗ ಅಂತ ನೀನೇ ಅಂದಿದ್ದೆ," ಎಂದೆ. "ಹೌದು," ಎಂದ ಮತ್ತೆ. ತೊಟ್ಟಿಲನ್ನು ಇನ್ನೆರಡು ಸಲ ತೂಗಿ, "ಅವ್ಳಿಗೆ ಹೇಳ್ಬೇಡ. ಅವ್ಳ ಬದ್ಲಿ ನಾ ಕೂತಿದ್ನಲ್ಲ," ಎಂದ. ಆಗ ನೋಡಿದೆ. ಅವನ ಒಂದು ಕೈ ಹಗ್ಗದ ಮೇಲಿತ್ತು. ಇನ್ನೊಂದು ಕೈ ತೊಟ್ಟಿಲ ಒಳಗೆ ತಮ್ಮನ ಹೊಟ್ಟೆಯ ಮೇಲಿತ್ತು, ತೊಟ್ಟಿಲು ಹೋದ ಕಡೆ ಅದೂ ಹೋಗುತ್ತಿತ್ತು. ಆಯಿಗೆ ಭರತಿ ಎಂದು ಹೇಳಿ ಮಲಗಿಸಿ, ಅವನು ನಿಜವಾದ ಸುಕ್ತಿಯನ್ನೆಲ್ಲ ತಾನು ಎಚ್ಚರವಿದ್ದು ಕಾಯುತ್ತಿದ್ದ. ಅವನಿಗೂ ಆಯಿಯಷ್ಟೇ ಹೆದರಿಕೆ ಇತ್ತು. ನಾನು ಅವನ ಕೈಯಿಂದ ಹಗ್ಗ ತೆಗೆದುಕೊಂಡೆ.

ನಾಲ್ಕನೆಯ ದಿನ ವಾಪಸು ಬಂದೆವು. ಆಯಿ ದಾರಿಯಲ್ಲಿ ನನ್ನ ಜಡೆ ಪೂರ್ತಿ ಹೆಣೆದಳು, ತುದಿಗೆ ಟೇಪು ಕಟ್ಟಿದಳು. ಊರಿಗೆ ಬಂದ ಮೇಲೆ ಎಲ್ಲ ಒಂದೇ ಸಲಕ್ಕೆ ಸರಿಯಾಯಿತು ಎಂದೇನಲ್ಲ. ಆದರೆ ಅವಳ ಕಣ್ಣಿಗೆ ಮತ್ತೆ ನಿದ್ದೆಯ ದಾರಿ ಗೊತ್ತಾಗಿತ್ತು. ಕೇಳುವುದು ಕಡಿಮೆಯಾಗುತ್ತ ಬಂತು, ತಮ್ಮ ಅಂಬೆಗಾಲಿಟ್ಟು ಹೊಸ್ತಿಲು ದಾಟಿದ ಮೇಲೆ ನಿಂತೇ ಹೋಯಿತು. ಬದಲಾದವನು ಅಜ್ಜ. ಬಂದ ಮರುದಿನವೇ ಬೆಳಚು ಹೆಕ್ಕುವ ಹೆಂಗಸರು ಬುಟ್ಟಿ ಹಿಡಿದು ನಿಂತು ಎಂದಿನಂತೆ ಕೇಳಿದಾಗ ಅವನು ಸೂಜಿ ನಿಲ್ಲಿಸಿ, "ಇನ್ನ ನನ್ನ ಕೇಳ್ಬೇಡಿ. ನೀವೇ ನೋಡ್ಕಳಿ," ಎಂದ. ಅವರು ತಮಾಷೆ ಎಂದುಕೊಂಡರು. ಮರುದಿನವೂ ಹಾಗೇ ಹೇಳಿದ. ಮುದುಕನಿಗೆ ಮರೆವು ಹತ್ತಿತು ಎಂದು ಕೇರಿಯಲ್ಲಿ ಮಾತಾಯಿತು, ಅವನು ಅದನ್ನು ತಿದ್ದಲು ಹೋಗಲಿಲ್ಲ. ಅವನಿಗೆ ಏನೂ ಮರೆತಿರಲಿಲ್ಲ, ನೀರಿನ ಮಾತಲ್ಲಿ ಸುಳ್ಳಾಡಿದ ಬಾಯಿಯನ್ನು ಇನ್ನು ಯಾರೂ ನಂಬಬಾರದೆಂದು ಹಾಗೆ ಹೇಳುತ್ತಿದ್ದ ಎಂದು ನನಗೆ ಗೊತ್ತಿತ್ತು, ಹೇಳಬೇಡ ಎಂದಿದ್ದ, ಹೇಳಲಿಲ್ಲ.

ಎಷ್ಟೋ ವರ್ಷದ ಮೇಲೆ, ನಾನು ಕಾಲೇಜಿಗೆ ಹೋಗುವಾಗ, ಮೀನು ಕೊಯ್ಯುತ್ತ ಕೂತ ಆಯಿಗೆ ಯಾವುದೋ ಮಾತಿಗೆ ಅದು ನೆನಪಾಯಿತು. "ಗುಡ್ಡದ್ಮೇಲೆ ನಿನ್ನಜ್ಜ ಹೇಳಿದ್ದೆಲ್ಲ ಸುಳ್ಳು," ಎಂದಳು. ನಾನು ಬೆಚ್ಚಿಬಿದ್ದೆ. "ನಿನಗೆ ಗೊತ್ತಿತ್ತಾ?" "ನಾನೂ ಇಂತಾ ಕೇರಿಲೇ ಹುಟ್ಟಿದವ್ಳು. ಬೆರಳು ಎಣಿಸೂಕೆ ನಂಗೂ ಬತ್ತದೆ." ಮತ್ತೆ ಹೇಗೆ ಮಲಗಿದೆ ಎಂದು ಕೇಳಿದೆ. ಆಯಿ ಮೀನಿನ ಹುರುಪೆ ಕೆರೆಯುತ್ತಲೇ, "ಅವ್ರು ಕೂತಿದ್ರಲ್ಲ," ಎಂದಳು.

ಕೇರಿಯ ಆ ಮನೆ ಈಗ ಇಲ್ಲ. ಹೆದ್ದಾರಿ ಅಗಲವಾಗುವಾಗ ಕೇರಿಯ ಅರ್ಧ ಭಾಗ ಅದರಡಿಗೆ ಹೋಯಿತು, ಉಳಿದರ್ಧ ನೀರಿನಡಿಗೆ. ಜಗುಲಿ ಇದ್ದ ಜಾಗ ಇದೇ ಇರಬೇಕು ಎಂದು ಬಸ್ಸಿನಿಂದ ನೋಡುತ್ತೇನೆ, ಖಾತ್ರಿಯಿಲ್ಲ. ಅಪ್ಪ ನಿವೃತ್ತಿಯ ನಂತರ ಬಾಳೆಗುಳಿಯಲ್ಲಿ ಈ ಮನೆ ಕಟ್ಟಿಸಿದ, ನಾಲ್ಕು ವರ್ಷ ಬದುಕಿದ. ನನಗೆ ಈಗ ಬರುವ ದುಃಖ ಮನೆಯದಲ್ಲ. ಆ ಮೂವರು ದೊಡ್ಡವರು ಎಷ್ಟು ದಣಿದಿದ್ದರು, ನಾನು ಒಂಬತ್ತು ವರ್ಷದವಳು ಹಣ್ಣಿನ ಗಿಡಕ್ಕೆ ಅಳುತ್ತಿದ್ದೆ, ಅದು. ದಣಿವು ಎಂದರೇನೆಂದು ತಿಳಿಯಲು ನನಗೇ ಒಂದು ಕೂಸು ಬೇಕಾಯಿತು.

ಅಜ್ಜ ಸತ್ತದ್ದು ಹಳೆಯ ಮನೆಯಲ್ಲೇ, ಒಂದು ಮಧ್ಯಾಹ್ನ. ಮೂರು ದಿನದಿಂದ ಉಸಿರು ಎಳೆಯುತ್ತಿತ್ತು. ಸಾಯುವುದಕ್ಕೆ ಅವನು ಹೆದರಲಾರ ಎಂದು ನಾವು ಅಂದುಕೊಂಡಿದ್ದೆವು, ಆದರೆ ಹೆದರಿದ್ದ. ಕಣ್ಣು ಮುಚ್ಚಿದರೆ ಮತ್ತೆ ತೆರೆಯಲಾಗದೋ ಎಂದು ಮುಚ್ಚದೆಯೇ ಮಾಡಿನ ತೊಲೆಗಳನ್ನು ನೋಡುತ್ತಿದ್ದ. ಆಯಿ ಹತ್ತಿರ ಕೂತಿದ್ದಳು. ತೆರೆದ ಬಾಗಿಲಿಂದ ಬಂಡೆಗಳು ಬುಡದ ತನಕ ಬರಿದಾಗಿ ಕಾಣುತ್ತಿದ್ದವು, ಬಹಳ ದೂರದಲ್ಲಿ ಹೆಂಗಸರು ಬಗ್ಗಿ ಬೆಳಚು ಹೆಕ್ಕುತ್ತಿದ್ದರು. ಅಜ್ಜ ತುಟಿ ಅಲುಗಿಸಿದ. ನನಗೆ ಕೇಳಿಸಲಿಲ್ಲ, ಆಯಿಗೆ ಕೇಳಿಸಿತು. ಜೀವಮಾನವೆಲ್ಲ ಬೇರೆಯವರು ಅವನನ್ನು ಕೇಳಿದ್ದನ್ನು ಅವನು ಅವಳನ್ನು ಕೇಳಿದ್ದ: ಈಗೆಂತು?

ಆಯಿ ಬಾಗಿಲ ಕಡೆ ತಿರುಗಿಯೂ ನೋಡಲಿಲ್ಲ. ಅಂಗೈಯನ್ನು ಅವನ ಹೊಟ್ಟೆಯ ಮೇಲಿಟ್ಟು, "ಭರತಿ, ಮಾವ. ಸುರುವಾಗಿ ಸುಮಾರು ಹೊತ್ತಾತು. ನಾ ಕೂತಿದ್ನಲ್ಲ, ನೀವು ಮನಿಕಳಿ," ಎಂದಳು. ಅಜ್ಜನ ಹೆಬ್ಬೆರಳು ಗೆಣ್ಣಿನ ಮೇಲೆ ಸರಿಯಿತು, ಒಂದು, ಎರಡು. ಮೂರನೆಯದಕ್ಕೆ ಹೋಗಲಿಲ್ಲ. ಅವನು ಎಣಿಕೆ ಅಲ್ಲಿಗೇ ಬಿಟ್ಟು, ಅವಳನ್ನು ಒಮ್ಮೆ ನೋಡಿ, ಕಣ್ಣು ಮುಚ್ಚಿದ. ಆಯಿ ಕೈ ತೆಗೆಯಲಿಲ್ಲ. ಅದರ ಕೆಳಗೆ ಏರಿಳಿತ ನಿಂತ ಮೇಲೂ, ನೀರು ತಿರುಗಿ ಬಂದು ಬಂಡೆಗಳ ಬುಡ ಮುಟ್ಟುವ ತನಕ, ಹಾಗೇ ಕೂತಿದ್ದಳು.